ಓದುಗರ ಪ್ರಶ್ನೆ: ಚಿಗರಿ, ಕುದುರೆ, ಎತ್ತು ಮತ್ತು ನಮ್ಮ ಓಟ

ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಓಟದ ಬಗ್ಗೆಯೇ ಇದ್ದವು. ಪೊಲೀಸ್ ನೇಮಕಾತಿಗೆ ತಯಾರಾಗುತ್ತಿರುವ ಹುಡುಗರು, ಹೊಲದಲ್ಲಿ ಚಿಗರಿ ನೋಡಿದವರು, ಕಾರ ಹುಣ್ಣಿಮೆಗೆ ಎತ್ತು ಓಡಿಸಿದವರು, ಎಲ್ಲರೂ ಬೇರೆ ಬೇರೆ ರೀತಿಯಲ್ಲಿ ಕೇಳಿದ್ದು ಒಂದೇ ಮಾತು: ಪ್ರಾಣಿಗಳ ಮುಂದೆ ಮನುಷ್ಯನ ಓಟ ಎಷ್ಟರದು? ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ತೊಗರಿ ರಾಶಿ ಮುಗಿದ ಮೇಲೆ ನಮ್ಮ ಹೊಲದ ಕಡೆ ಚಿಗರಿ ಹಿಂಡು ಬರುತ್ತದೆ. ಬೈಕ್ ಸದ್ದು ಕೇಳಿದರೆ ಸಾಕು, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮಾಯ. ಅವು ಎಷ್ಟು ವೇಗವಾಗಿ ಓಡುತ್ತವೆ? ಚೀತಾ ಅದಕ್ಕಿಂತ ಜೋರು ಅಂತಾರೆ, ನಿಜವಾ? ಉಸೇನ್ ಬೋಲ್ಟ್ ಇವುಗಳ ಮುಂದೆ ಎಲ್ಲಿ ನಿಲ್ಲುತ್ತಾರೆ?
— ರೈತರೊಬ್ಬರು, ಬೀದರ್ ತಾಲ್ಲೂಕು

ಉತ್ತರ: ಬೋಲ್ಟ್ ಅವರಿಂದಲೇ ಶುರು ಮಾಡೋಣ. 2009ರಲ್ಲಿ ಬರ್ಲಿನ್‌ನಲ್ಲಿ ಅವರು 100 ಮೀಟರ್ ಓಡಲು ತೆಗೆದುಕೊಂಡಿದ್ದು 9.58 ಸೆಕೆಂಡ್. ಸರಾಸರಿ ಗಂಟೆಗೆ 37.6 ಕಿ.ಮೀ. ಆಯಿತು. 60ರಿಂದ 80 ಮೀಟರ್ ನಡುವೆ ಮಾತ್ರ ಗಂಟೆಗೆ 44 ಕಿ.ಮೀ. ದಾಟಿದ್ದರು, ಅದೂ ಎರಡು ಸೆಕೆಂಡಿನ ಮಟ್ಟಿಗೆ. ಚಿಗರಿ, ಅಂದರೆ ಕೃಷ್ಣಮೃಗ, ಜೀವ ಉಳಿಸಿಕೊಳ್ಳಲು ಓಡಿದರೆ ಗಂಟೆಗೆ ಸುಮಾರು 80 ಕಿ.ಮೀ. ಮುಟ್ಟುತ್ತದೆ. ಅಂದರೆ ಬೋಲ್ಟ್ ಅವರ ಸರಾಸರಿಯ ಎರಡು ಪಟ್ಟು.

ಚೀತಾ ಇನ್ನೂ ಜೋರು, ಅದರಲ್ಲಿ ಅನುಮಾನ ಇಲ್ಲ. ಆದರೆ 110, 120 ಅಂತ ಎಲ್ಲ ಕಡೆ ಬರೆದಿರುತ್ತಾರಲ್ಲ, ಸರಿಯಾಗಿ ಅಳೆದಾಗ ಸಿಕ್ಕಿದ್ದು ಅಷ್ಟಿಲ್ಲ. ಅಮೆರಿಕದ ಸಿನ್ಸಿನಾಟಿ ಮೃಗಾಲಯದ ಸಾರಾ ಎಂಬ ಹೆಣ್ಣು ಚೀತಾ 2012ರಲ್ಲಿ 100 ಮೀಟರನ್ನು 5.95 ಸೆಕೆಂಡಿನಲ್ಲಿ ಓಡಿತು. ಕಾಡಿನ ಚೀತಾಗಳ ಲೆಕ್ಕ ಬೇರೆ. ಬೋಟ್ಸ್ವಾನಾದಲ್ಲಿ ಅವುಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅಲ್ಲಿ ದಾಖಲಾದ ಗರಿಷ್ಠ ವೇಗ ಗಂಟೆಗೆ 93 ಕಿ.ಮೀ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಅದೇ ಅಧ್ಯಯನದ ಇನ್ನೊಂದು ಅಂಕಿ. ಒಂದು ಬೇಟೆಯಲ್ಲಿ ಚೀತಾ ಓಡುವ ದೂರ ಸರಾಸರಿ 173 ಮೀಟರ್, ಅಷ್ಟೇ. ನಾಲ್ಕು ಸಲ ಓಡಿದರೆ ಒಂದು ಸಲ ಬೇಟೆ ಸಿಕ್ಕರೆ ಹೆಚ್ಚು.

ಇದು ಗೊತ್ತಾದರೆ ನಿಮ್ಮ ಹೊಲದ ಚಿಗರಿ ಹಾಗ್ಯಾಕೆ ಮಾಡುತ್ತದೆ ಅನ್ನೋದೂ ಗೊತ್ತಾಗುತ್ತದೆ. ಮುಂದಿನ ಸಲ ಗಮನಿಸಿ. ಮೊದಲು ಒಂದು ಚಿಗರಿ ತಲೆ ಎತ್ತುತ್ತದೆ, ಆಮೇಲೆ ಎಲ್ಲವೂ. ಒಂದೆರಡು ಚೆಂಗನೆ ನೆಗೆಯುತ್ತವೆ, ನಾಲ್ಕು ಕಾಲೂ ನೆಲ ಬಿಟ್ಟಿರುತ್ತವೆ. ನಂತರ ಮೈ ಕೆಳಗೆ ಮಾಡಿ ನೇರ ಓಟ. ಸಾಕಷ್ಟು ದೂರ ಹೋದ ಮೇಲೆ ನಿಂತು ತಿರುಗಿ ನೋಡುತ್ತವೆ. ಬೇಟೆಗಾರ ಹತ್ತಿರ ಬರುವ ಮೊದಲೇ ಕಂಡುಹಿಡಿದು ಇನ್ನೂರು ಮುನ್ನೂರು ಮೀಟರ್ ಅಂತರ ಇಟ್ಟುಕೊಂಡರೆ ಸಾಕು, ಚೀತಾದ ದಮ್ಮು ಅಲ್ಲಿಗೆ ಮುಗಿಯಿತು. ಚಿಗರಿಗೆ ಇಷ್ಟು ವೇಗ ಬಂದದ್ದೇ ಚೀತಾದಂಥ ಬೇಟೆಗಾರರ ಜೊತೆ ಲಕ್ಷಾಂತರ ವರ್ಷ ಬಾಳಿದ್ದರಿಂದ ಅನ್ನುವುದು ಜೀವವಿಜ್ಞಾನಿಗಳ ವಿವರಣೆ. ಭಾರತದಲ್ಲಿ ಚೀತಾ ನಶಿಸಿತು ಎಂದು 1952ರಲ್ಲೇ ಘೋಷಣೆಯಾಯಿತು. 2022ರಲ್ಲಿ ನಮೀಬಿಯಾದಿಂದ ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟರು. ನಮ್ಮ ಬಯಲಿನಲ್ಲಿ ಚೀತಾ ಇಲ್ಲ, ಚಿಗರಿಯ ಆ ವೇಗ ಮಾತ್ರ ಹಾಗೇ ಉಳಿದಿದೆ.

ಒಂದು ಮಾತು ಕೈ ಮುಗಿದು ಹೇಳುತ್ತೇನೆ. ಮೋಜಿಗೆ ಅಂತ ಚಿಗರಿ ಹಿಂಡಿನ ಹಿಂದೆ ಬೈಕ್ ಓಡಿಸುವ ವಿಡಿಯೋಗಳು ಓಡಾಡುತ್ತಿರುತ್ತವೆ. ದಯವಿಟ್ಟು ಅದನ್ನು ಮಾಡಬೇಡಿ, ಮಾಡುವವರನ್ನು ತಡೆಯಿರಿ. ಚಿಗರಿಯ ದೇಹ ಸಣ್ಣ ಓಟಕ್ಕೆ ತಯಾರಾದದ್ದು. ಬೈಕ್ ಬಿಡದೆ ಬೆನ್ನತ್ತಿದರೆ ಸ್ನಾಯುಗಳು ಒಳಗೇ ಹಾಳಾಗುತ್ತವೆ, ಅದರ ವಿಷ ರಕ್ತಕ್ಕೆ ಸೇರಿ ಕಿಡ್ನಿ ಕೆಡುತ್ತದೆ. ಆಗ ತಪ್ಪಿಸಿಕೊಂಡಂತೆ ಕಂಡರೂ ಒಂದೆರಡು ದಿನ ಬಿಟ್ಟು ಸಾಯಬಹುದು. ವನ್ಯಜೀವಿ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿರುವ ಪ್ರಾಣಿ ಅದು, ಹುಲಿಗೆ ಇರುವಷ್ಟೇ ರಕ್ಷಣೆ ಇದಕ್ಕೂ ಇದೆ.

ಪ್ರಶ್ನೆ: ದೂರದ ಓಟದಲ್ಲಿ ಮನುಷ್ಯ ಕುದುರೆಯನ್ನೂ ಸೋಲಿಸಬಲ್ಲ ಅಂತ ನಮ್ಮ ಪಿ.ಟಿ. ಸರ್ ಹೇಳಿದರು. ಕ್ಲಾಸಿನಲ್ಲಿ ಯಾರೂ ನಂಬಲಿಲ್ಲ. ನಿಜವಾ ಸರ್?
— ಪಿಯುಸಿ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ನಿಮ್ಮ ಸರ್ ಹೇಳಿದ್ದು ನಿಜ, ಆದರೆ ಯಾವಾಗಲೂ ಅಲ್ಲ.

ಬ್ರಿಟನ್ನಿನ ವೇಲ್ಸ್‌ನಲ್ಲಿ ಒಂದು ಸಣ್ಣ ಊರಿದೆ, ಲ್ಯಾನರ್ಟಿಡ್ ವೆಲ್ಸ್. ಗುಡ್ಡಗಾಡಿನಲ್ಲಿ ಕುದುರೆ ಮುಂದೋ ಮನುಷ್ಯ ಮುಂದೋ ಅಂತ ಅಲ್ಲಿನ ಪಬ್‌ನಲ್ಲಿ ಇಬ್ಬರು ವಾದಕ್ಕಿಳಿದರು. ಅದನ್ನು ಕೇಳಿಸಿಕೊಂಡ ಪಬ್ಬಿನ ಮಾಲೀಕರು ಓಡಿಸಿಯೇ ನೋಡೋಣ ಅಂದರು. ಹೀಗೆ 1980ರಲ್ಲಿ ಸ್ಪರ್ಧೆ ಶುರುವಾಯಿತು, ಸುಮಾರು 35 ಕಿ.ಮೀ. ದೂರ. ಎರಡು ದಶಕಕ್ಕೂ ಹೆಚ್ಚು ಕಾಲ ಕುದುರೆಗಳೇ ಗೆದ್ದವು. ಗೆಲ್ಲುವ ಮನುಷ್ಯನಿಗೆ ಇಟ್ಟ ಬಹುಮಾನ ವರ್ಷಕ್ಕೆ ಸಾವಿರ ಪೌಂಡ್‌ನಂತೆ ಬೆಳೆಯುತ್ತಾ ಹೋಯಿತು. 2004ರಲ್ಲಿ ಹ್ಯೂ ಲಾಬ್ ಎಂಬ ಓಟಗಾರ 2 ಗಂಟೆ 5 ನಿಮಿಷದಲ್ಲಿ ಗುರಿ ಮುಟ್ಟಿ, ಕುದುರೆಗಳನ್ನು ಹಿಂದೆ ಹಾಕಿ 25,000 ಪೌಂಡ್ ತೆಗೆದುಕೊಂಡರು. 2007ರಲ್ಲಿ, ಆಮೇಲೆ 2022 ಮತ್ತು 2023ರಲ್ಲಿ ಮತ್ತೆ ಮನುಷ್ಯರು ಗೆದ್ದರು. ಬಾಕಿ ಬಹುಪಾಲು ವರ್ಷ ಕುದುರೆಯದೇ ಗೆಲುವು. ವೇಲ್ಸ್ ತಣ್ಣನೆಯ ಊರು ಅನ್ನೋದನ್ನು ಇಲ್ಲಿ ನೆನಪಿಡಿ, ಉತ್ತರ ಇರುವುದೇ ಅಲ್ಲಿ.

ಓಡುವ ಯಾವ ಪ್ರಾಣಿಯನ್ನಾದರೂ ಕೊನೆಗೆ ನಿಲ್ಲಿಸುವುದು ಕಾಲು ನೋವಲ್ಲ, ಮೈಯ ಬಿಸಿ. ಸ್ನಾಯು ಕೆಲಸ ಮಾಡುವಾಗ ಖರ್ಚಾಗುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಬಿಸಿಯಾಗಿಯೇ ಹೋಗುತ್ತದೆ. ಅದನ್ನು ಹೊರಗೆ ಹಾಕಲೇಬೇಕು, ಇಲ್ಲದಿದ್ದರೆ ಮಿದುಳು ಬೇಯುತ್ತದೆ. ನಾಯಿ, ತೋಳ, ಚಿಗರಿ ಇವೆಲ್ಲ ಮುಖ್ಯವಾಗಿ ಏದುಸಿರಿನಿಂದ ಬಿಸಿ ಕಳೆಯುತ್ತವೆ. ನಾಯಿ ಬೆವರುವುದು ಪಾದದ ಅಡಿಯಲ್ಲಿ ಮಾತ್ರ. ನಾಗಾಲೋಟದಲ್ಲಿರುವ ಪ್ರಾಣಿಗೆ ಇನ್ನೊಂದು ತೊಂದರೆ, ಒಂದು ನೆಗೆತಕ್ಕೆ ಒಂದೇ ಉಸಿರು. ಮುಂಗಾಲು ನೆಲಕ್ಕೆ ಬಿದ್ದಾಗ ಹೊಟ್ಟೆಯ ಭಾಗವೆಲ್ಲ ಮುಂದಕ್ಕೆ ಬಂದು ಶ್ವಾಸಕೋಶ ಒತ್ತುತ್ತದೆ. ಹಾಗಾಗಿ ಅಷ್ಟು ಜೋರಾಗಿ ಓಡುತ್ತಲೇ ಬೇಕಾದ ಹಾಗೆ ಏದುಸಿರು ಬಿಡಲು ಆಗುವುದಿಲ್ಲ. ನಮಗೆ ಆ ಕಟ್ಟು ಇಲ್ಲ. ಎರಡು ಹೆಜ್ಜೆಗೆ ಒಂದು ಉಸಿರು ತಗೋಬಹುದು, ನಾಲ್ಕಕ್ಕೆ ಒಂದೂ ತಗೋಬಹುದು.

ಇದಕ್ಕೆಲ್ಲ ಮೇಲೆ ನಮಗೆ ಬೆವರು ಇದೆ. ಮೈಮೇಲೆ 20 ಲಕ್ಷದಿಂದ 40 ಲಕ್ಷ ಬೆವರಿನ ಗ್ರಂಥಿಗಳು, ಜೊತೆಗೆ ದಟ್ಟ ರೋಮ ಇಲ್ಲದ ಬರಿಯ ಚರ್ಮ. ಒಂದು ಲೀಟರ್ ಬೆವರು ಚರ್ಮದ ಮೇಲೇ ಆರಿದರೆ ಸುಮಾರು 580 ಕಿಲೋಕ್ಯಾಲರಿ ಬಿಸಿಯನ್ನು ತೆಗೆದುಕೊಂಡು ಹೋಗುತ್ತದೆ. 60 ಕೆಜಿ ತೂಕದವರು 10 ಕಿ.ಮೀ. ಓಡಿದರೆ ಹುಟ್ಟುವ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ, ಸ್ವಲ್ಪ ಕಡಿಮೆಯೇ. ಆದರೆ ಬೆವರು ಆರಬೇಕು, ತೊಟ್ಟಿಕ್ಕಿದರೆ ದಂಡ. ನಮ್ಮ ಕಲಬುರಗಿಯ ಮನೆಗಳ ಕೂಲರ್ ನೋಡಿ, ಅದೂ ಇದೇ ಕೆಲಸ ಮಾಡೋದು. ಏಪ್ರಿಲ್, ಮೇ ತಿಂಗಳ ಒಣ ಗಾಳಿಗೆ ಹುಲ್ಲಿನ ಪ್ಯಾಡ್ ಮೇಲಿನ ನೀರು ಬೇಗ ಆರಿ ರೂಮು ತಣ್ಣಗಾಗುತ್ತದೆ. ಜೂನ್‌ನಲ್ಲಿ ನಾಲ್ಕು ಮಳೆ ಬಿದ್ದು ಗಾಳಿಯಲ್ಲಿ ತೇವ ಜಾಸ್ತಿಯಾದ ಮೇಲೆ ಅದೇ ಕೂಲರ್ ಮುಂದೆ ಕೂತರೂ ಮೈ ಅಂಟಂಟು. ಬೆವರಿನ ಕಥೆಯೂ ಅದೇ. ಒಣ ಬಿಸಿಲಿನಲ್ಲಿ ಮನುಷ್ಯನಷ್ಟು ಚೆನ್ನಾಗಿ ಮೈ ತಣ್ಣಗಿಟ್ಟುಕೊಂಡು ಓಡುವ ಪ್ರಾಣಿ ಬಹಳ ಕಡಿಮೆ.

ಆಫ್ರಿಕಾದ ಕಲಹರಿಯಲ್ಲಿ ಸಾನ್ ಜನ ಇದನ್ನೇ ನಂಬಿ ಬೇಟೆಯಾಡುತ್ತಿದ್ದರು. ಲೂಯಿ ಲೀಬೆನ್‌ಬರ್ಗ್ ಎಂಬ ಸಂಶೋಧಕರು ಅವರ ಜೊತೆ ಹೋಗಿ ನೋಡಿ 2006ರಲ್ಲಿ ವಿವರವಾಗಿ ಬರೆದಿದ್ದಾರೆ. ಬೇಟೆಗೆ ಹೊರಡುವುದು ಬೆಳಗಿನ ತಂಪಿನಲ್ಲಲ್ಲ, ಬಿಸಿಲು 40 ಡಿಗ್ರಿ ಆಸುಪಾಸು ಏರಿದಾಗ. ಹೊಟ್ಟೆ ತುಂಬ ನೀರು ಕುಡಿದು, ಕುಡು ಎಂಬ ದೊಡ್ಡ ಜಿಂಕೆ ಜಾತಿಯ ಪ್ರಾಣಿಯ ಹಿಂದೆ ಓಡುತ್ತಾರೆ. ಅದು ಒಂದೇ ಓಟಕ್ಕೆ ಕಣ್ಮರೆಯಾಗಿ ಎಲ್ಲೋ ನೆರಳಿನಲ್ಲಿ ನಿಂತು ಮೈ ಆರಿಸಿಕೊಳ್ಳುತ್ತಿರುತ್ತದೆ, ಅಷ್ಟರಲ್ಲಿ ಇವರು ಹೆಜ್ಜೆ ಗುರುತು ಹಿಡಿದು ಬಂದೇಬಿಡುತ್ತಾರೆ, ಮತ್ತೆ ಓಡಿಸುತ್ತಾರೆ, ಮತ್ತೆ ಬರುತ್ತಾರೆ. ಎರಡರಿಂದ ಐದು ಗಂಟೆ ಹೀಗೆ ನಡೆದ ಮೇಲೆ ಕುಡು ನಿಂತಲ್ಲೇ ನಿಲ್ಲುತ್ತದೆ, ಕಾಲು ಎತ್ತಲಾಗುವುದಿಲ್ಲ. ಇದರಲ್ಲಿ ಕಾಲಿನಷ್ಟೇ ಕಣ್ಣಿನ ಕೆಲಸವೂ ಇದೆ. ಗಟ್ಟಿ ನೆಲದ ಮೇಲೆ ಅರೆಬರೆ ಗೊರಸಿನ ಗುರುತು ನೋಡಿ ಪ್ರಾಣಿ ಯಾವ ಕಡೆ ತಿರುಗಿರಬಹುದು ಅಂತ ಓಡುತ್ತಲೇ ಊಹಿಸಬೇಕು. ಓದುತ್ತಾ ಹೋದಂತೆ ನನಗೆ ಆ ಜನರ ಮೇಲೆ ಹುಟ್ಟಿದ ಗೌರವ ಯಾವ ಒಲಿಂಪಿಕ್ ಓಟಗಾರರ ಮೇಲಿನ ಗೌರವಕ್ಕೂ ಕಡಿಮೆಯಲ್ಲ.

ಡೆನ್ನಿಸ್ ಬ್ರಾಂಬಲ್ ಮತ್ತು ಡೇನಿಯಲ್ ಲೀಬರ್‌ಮನ್ ಎಂಬ ವಿಜ್ಞಾನಿಗಳು 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ವಾದ ಮುಂದಿಟ್ಟರು: ದೂರದ ಓಟವೇ ಮನುಷ್ಯನ ದೇಹವನ್ನು ಈ ರೂಪಕ್ಕೆ ತಂದಿರಬೇಕು. ನಿಮ್ಮ ಹಿಮ್ಮಡಿಯ ಮೇಲೆ ಬೆರಳಿಟ್ಟು ಒತ್ತಿ ನೋಡಿ, ಗಟ್ಟಿಯಾದ ಉದ್ದನೆಯ ಪಟ್ಟಿ ಸಿಗುತ್ತದೆ. ಪ್ರತಿ ಹೆಜ್ಜೆಗೂ ಅದು ಹಿಗ್ಗಿ, ಮತ್ತೆ ಕುಗ್ಗಿ, ನಿಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಚಿಂಪಾಂಜಿಗೆ ಅದು ತೀರಾ ಗಿಡ್ಡ. ನಮ್ಮ ದೊಡ್ಡ ಕುಂಡೆ ಸ್ನಾಯು ಕೂಡ ನಡೆಯುವಾಗ ಸುಮ್ನೆ ಇದ್ದಂತೆ ಇದ್ದು, ಓಡುವಾಗ ಜೋರಾಗಿ ಕೆಲಸ ಮಾಡುತ್ತದೆ, ಮೈ ಮುಂದಕ್ಕೆ ಮುಗ್ಗರಿಸದಂತೆ ಹಿಡಿಯುತ್ತದೆ. ಈ ವಾದವನ್ನು ಎಲ್ಲರೂ ಒಪ್ಪಿಲ್ಲ. ಓಡಿಸಿ ಹಿಡಿಯುವ ಬೇಟೆ ಅಪರೂಪ, ಅದರಿಂದ ಇಷ್ಟೆಲ್ಲ ಆಗಿರಲಾರದು ಅಂದವರಿದ್ದಾರೆ. ಆದರೆ 2024ರಲ್ಲಿ ಇಬ್ಬರು ಸಂಶೋಧಕರು ಹಳೆಯ ಪ್ರವಾಸಿಗರ, ಜನಾಂಗ ಅಧ್ಯಯನಗಳ ಬರಹಗಳನ್ನು ಜಾಲಾಡಿ, ಜಗತ್ತಿನ ಬೇರೆ ಬೇರೆ ಕಡೆಯ ಇಂಥ ಸುಮಾರು 400 ದಾಖಲೆ ಹುಡುಕಿ ತೆಗೆದಿದ್ದಾರೆ. ಅಪರೂಪ ಅನ್ನುವ ಮಾತು ಈಗ ಮೊದಲಿನಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ಹಾಗಂತ ದೂರದ ಓಟದಲ್ಲಿ ನಾವೇ ರಾಜರು ಅಂದುಕೊಳ್ಳಬಾರದು. ಕುದುರೆಯೂ ಚೆನ್ನಾಗಿ ಬೆವರುತ್ತದೆ, ಕೊರಳ ಮೇಲೆ ಲಗಾಮು ತಿಕ್ಕುವ ಕಡೆ ಬಿಳಿ ನೊರೆ ಏಳುತ್ತದಲ್ಲ, ಅದು ಬೆವರೇ. 160 ಕಿ.ಮೀ. ಸ್ಪರ್ಧೆಯನ್ನು ಒಂದೇ ದಿನದಲ್ಲಿ ಮುಗಿಸುವ ಅರಬ್ ಕುದುರೆಗಳಿವೆ. ಅಮೆರಿಕದ ಪ್ರಾಂಗ್‌ಹಾರ್ನ್ ಎಂಬ ಪ್ರಾಣಿ ಗಂಟೆಗೆ 65 ಕಿ.ಮೀ. ವೇಗವನ್ನು ಹತ್ತು ನಿಮಿಷ ಹಿಡಿದಿಡುತ್ತದೆ. ಅಲಾಸ್ಕಾದ ಹಿಮದಲ್ಲಿ ಗಾಡಿ ಎಳೆಯುವ ನಾಯಿಗಳು ಸಾವಿರಕ್ಕೂ ಹೆಚ್ಚು ಕಿ.ಮೀ. ದಾರಿಯನ್ನು ಎಂಟು ಹತ್ತು ದಿನದಲ್ಲಿ ಕ್ರಮಿಸುತ್ತವೆ, ಅಲ್ಲಿ ನಮ್ಮ ಆಟ ನಡೆಯುವುದಿಲ್ಲ, ಯಾಕೆಂದರೆ ಚಳಿಯಲ್ಲಿ ನಾಯಿಗೆ ಬಿಸಿಯ ಕಾಟವೇ ಇಲ್ಲ. ಆದರೂ ಮನುಷ್ಯರ ಲೆಕ್ಕ ಕೇಳಿ. 2023ರಲ್ಲಿ ಕೆನ್ಯಾದ ಕೆಲ್ವಿನ್ ಕಿಪ್ಟಮ್ ಶಿಕಾಗೋದಲ್ಲಿ 42.195 ಕಿ.ಮೀ. ಮ್ಯಾರಥಾನನ್ನು 2 ಗಂಟೆ 35 ಸೆಕೆಂಡಿನಲ್ಲಿ ಓಡಿದರು, ಗಂಟೆಗೆ 21 ಕಿ.ಮೀ. ಆಯಿತು. 2022ರಲ್ಲಿ ಲಿಥುವೇನಿಯಾದ ಅಲೆಕ್ಸಾಂಡರ್ ಸೊರೊಕಿನ್ 24 ಗಂಟೆಯಲ್ಲಿ 319 ಕಿ.ಮೀ. ಓಡಿದರು. ಕಲಬುರಗಿಯಿಂದ ಹೊರಟು ಒಂದು ಹಗಲು ಒಂದು ರಾತ್ರಿಯಲ್ಲಿ ಹೈದರಾಬಾದ್ ದಾಟಿ ಬಹಳ ಮುಂದೆ ಹೋಗುವಷ್ಟು ದೂರ ಅದು. ಕ್ಲಾಸಿನಲ್ಲಿ ಇದನ್ನು ಹೇಳಿ, ಸರ್ ಖುಷಿಪಡುತ್ತಾರೆ.

ಪ್ರಶ್ನೆ: ಕಾರ ಹುಣ್ಣಿಮೆಗೆ ಎತ್ತು ಓಡಿಸುತ್ತೇವೆ. ಎತ್ತು ಬೇಗ ದಣಿಯುತ್ತದೆ, ಹಗ್ಗ ಹಿಡಿದು ಓಡಿದ ಹುಡುಗ ಮಾತ್ರ ಟವೆಲ್‌ನಲ್ಲಿ ಮುಖ ಒರೆಸಿಕೊಂಡು ನಗುತ್ತಾ ನಿಂತಿರುತ್ತಾನೆ. ಬಲ ಎತ್ತಿಗೇ ಜಾಸ್ತಿ ಅಲ್ವಾ?
— ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ

ಉತ್ತರ: ಬಲ ಎತ್ತಿನದೇ, ಆದರೆ ಬಲಕ್ಕೂ ಬಿಸಿ ಕಳೆಯುವುದಕ್ಕೂ ಸಂಬಂಧ ಇಲ್ಲ. ಎತ್ತು ನಾಲ್ಕೈದು ನೂರು ಕೆಜಿ ತೂಗುತ್ತದೆ. ಮೈ ದೊಡ್ಡದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮ ಕಡಿಮೆ, ಒಳಗಿನ ಬಿಸಿ ಹೊರಗೆ ಹೋಗಲು ಜಾಗ ಕಡಿಮೆ. ಬೀದರ್ ಕಡೆಯ ದೇವಣಿಯಂಥ ನಮ್ಮ ತಳಿಗಳು ವಿದೇಶಿ ತಳಿಗಳಿಗಿಂತ ಬಿಸಿಲು ತಡೆಯುತ್ತವೆ, ಬೆವರುತ್ತವೆ ಕೂಡ, ಆದರೆ ನಮ್ಮಷ್ಟು ಇಲ್ಲ. ಎಮ್ಮೆಗೆ ಬೆವರಿನ ಗ್ರಂಥಿಯೇ ಕಡಿಮೆ, ಮೇಲೆ ಕಪ್ಪು ಚರ್ಮ. ಅದು ಕೆರೆ ಬಿಟ್ಟು ಏಳದಿರುವುದು ಸೋಮಾರಿತನಕ್ಕಲ್ಲ.

ಓಟ ಮುಗಿದ ಮೇಲೆ ಹುಡುಗನನ್ನು ಬಿಟ್ಟು ಎತ್ತನ್ನು ನೋಡಿ. ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. ಸುಮ್ನೆ ನಿಂತ ಎತ್ತು ನಿಮಿಷಕ್ಕೆ 30ರ ಆಸುಪಾಸು ಉಸಿರಾಡುತ್ತದೆ. ಓಡಿದ ಮೇಲೆ ಜಾಸ್ತಿಯಾಗುವುದು ಸಹಜ, ನೆರಳಿಗೆ ಕಟ್ಟಿದರೆ ಇಳಿಯಬೇಕು. ಇಳಿಯದೆ ನೂರರ ಮೇಲೇ ಇದ್ದರೆ, ಕೊರಳು ಮುಂದಕ್ಕೆ ಚಾಚಿ ಬಾಯಿ ತೆರೆದು ನಾಲಿಗೆ ಹೊರಗೆ ಬಿಟ್ಟು ಜೊಲ್ಲು ಸುರಿಸುತ್ತಿದ್ದರೆ ಅದು ಬರೀ ದಣಿವಲ್ಲ, ಮೈ ಒಳಗೆ ಬಿಸಿ ಏರಿದೆ. ಮೈಮೇಲೆ ನೀರು ಹಾಕಿ, ಗಾಳಿ ಆಡುವ ಕಡೆ ನಿಲ್ಲಿಸಿ, ಪಶುವೈದ್ಯರಿಗೆ ಫೋನ್ ಮಾಡಿ. ಮಳೆ ತಡವಾದ ವರ್ಷ ಕಾರ ಹುಣ್ಣಿಮೆಯಲ್ಲೂ ಬಿಸಿಲು ಸುಡುತ್ತಿರುತ್ತದೆ, ಆಗ ಹೊತ್ತು ಇಳಿದ ಮೇಲೆಯೇ ಓಡಿಸಿ.

ಪ್ರಶ್ನೆ: ಕಂಬಳದಲ್ಲಿ ಉಸೇನ್ ಬೋಲ್ಟ್‌ಗಿಂತ ಜೋರಾಗಿ ಓಡಿದರು ಅಂತ 2020ರಲ್ಲಿ ಸುದ್ದಿಯಾಗಿತ್ತಲ್ಲ, ಅದು ಸರಿಯಾದ ಹೋಲಿಕೆಯಾ?
— ಹುಮನಾಬಾದ್

ಉತ್ತರ: ಅಲ್ಲ. ಶ್ರೀನಿವಾಸ ಗೌಡ ಅವರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು, ಅದನ್ನೇ ಭಾಗಿಸಿ 100 ಮೀಟರಿಗೆ 9.55 ಅಂತ ಲೆಕ್ಕ ಹಾಕಿದರು. ಬೋಲ್ಟ್ ಒಬ್ಬರೇ ಓಡುತ್ತಾರೆ, ಕಂಬಳದಲ್ಲಿ ಮುಂದೆ ಎಳೆಯುವ ಜೋಡಿ ಕೋಣ ಇರುತ್ತದೆ. ಆದರೆ ಹಾಗೆ ಎಳೆಸಿಕೊಳ್ಳುವುದು ಸುಲಭ ಅಂದುಕೊಳ್ಳಬೇಡಿ. ಕೆಸರು ನೀರಿನಲ್ಲಿ ಗಂಟೆಗೆ 37 ಕಿ.ಮೀ. ವೇಗಕ್ಕೆ ಕಾಲು ಆಡಿಸುತ್ತಾ ಮುಗ್ಗರಿಸದೆ ನಿಲ್ಲುವುದು ದೊಡ್ಡ ವಿದ್ಯೆ. ಟ್ರ್ಯಾಕಿನ ಓಟ ಬೇರೆ, ಕಂಬಳ ಬೇರೆ ಅಂತ ಶ್ರೀನಿವಾಸ ಗೌಡರೇ ಹೇಳಿ, ಕ್ರೀಡಾ ಪ್ರಾಧಿಕಾರ ಕರೆದಿದ್ದ ಓಟದ ಟ್ರಯಲ್ಸ್‌ಗೆ ಹೋಗಲಿಲ್ಲ. ಅವರ ಮಾತೇ ಸರಿ. ನನಗೆ ಆಶ್ಚರ್ಯ ಕೋಣಗಳದ್ದು, ಅಷ್ಟು ಭಾರದ ಮೈ ಹೊತ್ತು ಕೆಸರಿನಲ್ಲಿ ಆ ವೇಗ!

ಪ್ರಶ್ನೆ: ಇಲಿಗಿಂತ ನಾಯಿ ಜೋರು, ನಾಯಿಗಿಂತ ಚೀತಾ ಜೋರು. ಹಾಗಾದರೆ ಆನೆ ಎಲ್ಲಕ್ಕಿಂತ ಜೋರಾಗಿ ಓಡಬೇಕಿತ್ತಲ್ಲ?
— ಏಳನೇ ತರಗತಿ ವಿದ್ಯಾರ್ಥಿ, ಸುರಪುರ

ಉತ್ತರ: ಒಳ್ಳೆ ಪ್ರಶ್ನೆ ಪುಟ್ಟಾ. ವಿಜ್ಞಾನಿಗಳೂ ಇದನ್ನೇ ಕೇಳಿಕೊಂಡು 2017ರಲ್ಲಿ ಒಂದು ಉತ್ತರ ಕೊಟ್ಟರು. ನಿಂತಲ್ಲಿಂದ ವೇಗ ಹಿಡಿಯಲು ಸಮಯ ಬೇಕು, ಮೈ ಭಾರ ಇದ್ದಷ್ಟೂ ಜಾಸ್ತಿ ಸಮಯ ಬೇಕು. ಆದರೆ ಜೋರು ಓಟಕ್ಕೆ ಸ್ನಾಯುವಿನಲ್ಲಿ ಕೂಡಿಟ್ಟ ಶಕ್ತಿ ಸ್ವಲ್ಪ ಹೊತ್ತಿನಲ್ಲೇ ಖಾಲಿಯಾಗುತ್ತದೆ. ಆನೆ ಪೂರ್ತಿ ವೇಗ ಮುಟ್ಟುವ ಮೊದಲೇ ಅದು ಮುಗಿದಿರುತ್ತದೆ. ಹಾಗಾಗಿ ಆನೆಯ ಓಟ ಗಂಟೆಗೆ 25 ಕಿ.ಮೀ. ಆಸುಪಾಸಿಗೆ ನಿಂತುಬಿಡುತ್ತದೆ. ಚೀತಾದ್ದು 50 ಕೆಜಿ ಆಚೀಚೆ ತೂಕ, ವೇಗಕ್ಕೆ ಹೇಳಿ ಮಾಡಿಸಿದಂತೆ ನಡುಗಾತ್ರ.

ಪ್ರಶ್ನೆ: ಬೆಳಿಗ್ಗೆ ರನ್ನಿಂಗ್ ಹೋದರೆ ಬೀದಿ ನಾಯಿಗಳು ಬೆನ್ನತ್ತುತ್ತವೆ. ಜೋರಾಗಿ ಓಡಿದರೆ ತಪ್ಪಿಸಿಕೊಳ್ಳಬಹುದಾ?
— ಗೃಹಿಣಿ, ಕಲಬುರಗಿ

ಉತ್ತರ: ಆಗುವುದಿಲ್ಲ ತಾಯಿ, ಓಡಲೇಬೇಡಿ. ಸಾಧಾರಣ ಬೀದಿ ನಾಯಿಯೂ ಸಣ್ಣ ದೂರದಲ್ಲಿ ನಮ್ಮೆಲ್ಲರಿಗಿಂತ ಜೋರು, ಮೇಲಾಗಿ ಓಡಿದಷ್ಟೂ ಅದಕ್ಕೆ ಬೆನ್ನತ್ತುವ ಹುರುಪು ಬರುತ್ತದೆ. ನಿಂತುಬಿಡಿ. ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸಬೇಡಿ, ಬೆನ್ನು ತೋರಿಸದೆ ನಿಧಾನಕ್ಕೆ ಪಕ್ಕಕ್ಕೆ ಸರಿಯಿರಿ. ಕಚ್ಚಿದರೆ, ಹಲ್ಲು ತಾಗಿ ಗೀರಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ರೇಬೀಸ್ ಇಂಜೆಕ್ಷನ್ ಶುರು ಮಾಡಿಸಿ.

ಪ್ರಶ್ನೆ: ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ ತಯಾರಿ ಮಾಡುತ್ತಿದ್ದೇವೆ. 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. ಮೂರನೇ ಸುತ್ತಿಗೆ ದಮ್ಮು ಕಟ್ಟುತ್ತದೆ. ಮನುಷ್ಯನಿಗೆ ಬಿಸಿಲು ಒಗ್ಗುತ್ತದೆ ಅಂತ ಕೆಲವರು ಮಧ್ಯಾಹ್ನವೇ ಓಡುತ್ತಾರೆ. ನಾವೂ ಹಾಗೆ ಮಾಡಬೇಕಾ?
— ಗೆಳೆಯರ ಗುಂಪು, ಯಾದಗಿರಿ

ಉತ್ತರ: ನಿಮ್ಮ ಪರೀಕ್ಷೆಯ ವೇಗ ಗಂಟೆಗೆ ಸುಮಾರು 15 ಕಿ.ಮೀ., 400 ಮೀಟರಿನ ಒಂದು ಸುತ್ತಿಗೆ 97 ಸೆಕೆಂಡ್. ಮೂರನೇ ಸುತ್ತಿಗೆ ದಮ್ಮು ಕಟ್ಟುತ್ತದೆ ಅಂದರೆ ಬಹುತೇಕ ಮೊದಲ ಸುತ್ತನ್ನೇ ಚಿಗರಿಯ ಹಾಗೆ ಓಡಿರುತ್ತೀರಿ. ಯಾರಾದರೂ ಒಬ್ಬರು ಮೊಬೈಲ್ ಹಿಡಿದು ನಿಂತು ಸುತ್ತಿನ ಟೈಮ್ ಕೂಗಿ ಹೇಳಲಿ. ಮೊದಲ ಸುತ್ತು 95ಕ್ಕಿಂತ ಬೇಗ ಬಂದರೆ ಬೈಯಲಿ. ವಾರಕ್ಕೆ ಎರಡು ದಿನ ಮಾತ್ರ ಟೈಮ್ ಹಿಡಿದು ಓಡಿ, ಉಳಿದ ದಿನ ಮಾತಾಡುತ್ತಾ ಓಡುವಷ್ಟು ನಿಧಾನಕ್ಕೆ ನಾಲ್ಕೈದು ಕಿ.ಮೀ. ಹೋಗಿ. ದಮ್ಮು ಬೆಳೆಯುವುದು ಆ ನಿಧಾನದ ಓಟದಲ್ಲೇ.

ಮಧ್ಯಾಹ್ನ ಮಾತ್ರ ಬೇಡ. ಮೇಲೆ ಬೆವರಿನ ಬಗ್ಗೆ ಅಷ್ಟೆಲ್ಲ ಬರೆದದ್ದು ನಮ್ಮ ಬಿಸಿಲಿಗೆ ಯಾರಾದರೂ ಯಾವಾಗಲಾದರೂ ಓಡಬಹುದು ಅಂತಲ್ಲ. ದೇಹ ಬಿಸಿಲಿಗೆ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು, ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುತ್ತಾ ಹೋದರೆ ಮಾತ್ರ. ಕಲಹರಿಯ ಬೇಟೆಗಾರರು ಹುಟ್ಟಿನಿಂದ ಆ ಬಿಸಿಲಿನಲ್ಲೇ ಬೆಳೆದವರು. 43 ಡಿಗ್ರಿಯಲ್ಲಿ ಗಾಳಿಯೇ ಮೈಗಿಂತ ಬಿಸಿ ಇರುತ್ತದೆ, ಆಗ ಬೆವರೊಂದೇ ಗತಿ, ಅದಕ್ಕೆ ನೀರೂ ಬೇಕು ಉಪ್ಪೂ ಬೇಕು. ಹೊತ್ತು ಹುಟ್ಟುವ ಮೊದಲೇ ಓಟ ಮುಗಿಸಿ. ಬಹಳ ಬೆವರಿದ ದಿನ ಬರೀ ನೀರು ಕುಡಿಯುವ ಬದಲು ಓಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಜೊತೆಯಲ್ಲಿ ಓಡುವವ ತಡವರಿಸಿ ಮಾತಾಡಿದರೆ, ಎಲ್ಲಿದ್ದೇನೆ ಅಂತಲೇ ತಿಳಿಯದೆ ಒದ್ದಾಡಿದರೆ, ಬೆವರು ಬರುತ್ತಿದ್ದರೂ ಸರಿ ನಿಂತಿದ್ದರೂ ಸರಿ, ಅದು ಬಿಸಿಲು ಹೊಡೆತ. ಯಾರಾದರೂ ಒಬ್ಬರು ತಕ್ಷಣ 108ಕ್ಕೆ ಫೋನ್ ಮಾಡಿ. ಆದರೆ ಆಂಬುಲೆನ್ಸ್ ಬರಲಿ ಅಂತ ಕೈಕಟ್ಟಿ ಕೂರಬೇಡಿ. ನೆರಳಿಗೆ ಎಳೆದು, ಅಂಗಿ ತೆಗೆದು, ಸಿಕ್ಕಷ್ಟು ತಣ್ಣೀರು ಮೈಮೇಲೆ ಸುರಿದು ಗಾಳಿ ಹಾಕುತ್ತಲೇ ಇರಿ. ಪೂರ್ತಿ ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.